ಕೋಶಗಳ ವಿನ್ಯಾಸ ನಿಜವೋ, ಸಾಫ್ಟ್‌ವೇರ್‌ನ ಕೈವಾಡವೋ?

(ಒಂದು ಚರ್ಚೆ; ಪ್ರತಿ ಬರಹದ ಮೇಲೆ ಬರೆದವರ ಅಡ್ಡಹೆಸರಿದೆ.)

ಒಳಕಿವಿ

ನಮಸ್ಕಾರ. ಕೋಳಿ ಭ್ರೂಣದ ಒಳಕಿವಿಯಲ್ಲಿ ಶ್ರವಣದ ಅಂಗಾಂಶ ರೂಪುಗೊಳ್ಳುವ ಬಗೆಯನ್ನು ಅಧ್ಯಯನ ಮಾಡುತ್ತಿದ್ದೇನೆ. ಬಲಿತ ಅಂಗಾಂಶವನ್ನು ಮೇಲಿನಿಂದ ನೋಡಿದರೆ ಶಬ್ದವನ್ನು ಗ್ರಹಿಸುವ ಪ್ರತಿಯೊಂದು ರೋಮಕೋಶವನ್ನೂ ಅದಕ್ಕೆ ಆಸರೆಯಾಗುವ ಆಧಾರಕೋಶಗಳು ಸುತ್ತುವರಿದಿರುತ್ತವೆ. ಎರಡು ರೋಮಕೋಶಗಳು ಒಂದಕ್ಕೊಂದು ತಾಗಿರುವುದಿಲ್ಲ. ಈ ಅಚ್ಚುಕಟ್ಟು ಯಾವ ಹಂತದಲ್ಲಿ ಮೂಡುತ್ತದೆ ಎಂಬುದು ನನ್ನ ಪ್ರಶ್ನೆ.

ಕೋಶಗಳ ಅಂಚು ಕಾಣಲು ಫ್ಯಾಲಾಯ್ಡಿನ್ ಬಣ್ಣವನ್ನೂ ರೋಮಕೋಶಗಳನ್ನು ಗುರುತಿಸಲು ಅವುಗಳಲ್ಲಿರುವ ಮಯೋಸಿನ್ 7ಎ ಪ್ರೋಟೀನಿಗೆ ಅಂಟುವ ಪ್ರತಿಕಾಯವನ್ನೂ ಬಳಸಿದ್ದೇನೆ. ಕಾನ್‌ಫೋಕಲ್ ಸೂಕ್ಷ್ಮದರ್ಶಕದಲ್ಲಿ ಬೇರೆ ಬೇರೆ ಆಳದಲ್ಲಿ ತೆಗೆದ ಪದರಗಳನ್ನು ಫಿಜಿ ಎಂಬ ಚಿತ್ರ ಸಾಫ್ಟ್‌ವೇರ್‌ನಲ್ಲಿ ಗರಿಷ್ಠ ಹೊಳಪಿನ ಒಂದೇ ಚಿತ್ರವಾಗಿ ಒಗ್ಗೂಡಿಸಿ, ಸೆಲ್‌ಪೋಸ್ ಎಂಬ ಸಾಫ್ಟ್‌ವೇರ್‌ನಿಂದ ಚಿತ್ರದಲ್ಲಿನ ಕೋಶಗಳನ್ನು ಬೇರ್ಪಡಿಸಿ, ಯಾವ ಕೋಶಕ್ಕೆ ಎಷ್ಟು ನೆರೆಕೋಶಗಳೆಂದು ಪೈಥಾನ್‌ನಲ್ಲಿ ಎಣಿಸಿದ್ದೇನೆ. ಸರಾಸರಿ 5.97 ಬಂದಿದೆ. ಸಿದ್ಧಾಂತದ ಪ್ರಕಾರ ಆರು ಬರಬೇಕು, ಬಂದಿದೆ, ಆದ್ದರಿಂದ ಕೋಶಗಳ ವಿಂಗಡಣೆ ಸರಿಯಾಗಿದೆ ಎನ್ನುತ್ತಾರೆ ನಮ್ಮ ತಂಡದವರು.

ನನಗೆ ಮಾತ್ರ ಸಮಾಧಾನವಿಲ್ಲ. ಆರು ನೆರೆಗಳಿರುವ ಕೋಶಗಳ ಪಾಲು ನಾನು ಓದಿದ್ದಕ್ಕಿಂತ ಕಡಿಮೆ ಇದೆ, ಐದು ಮತ್ತು ಏಳು ನೆರೆಗಳಿರುವವು ಹೆಚ್ಚಿವೆ. ಎಲ್ಲಕ್ಕಿಂತ ದೊಡ್ಡದಾದ ಒಂದು ಚಿತ್ರದಲ್ಲಿ ಕೆಲವು ಕೋಶಗಳಿಗೆ ಹದಿಮೂರು, ಹದಿನಾಲ್ಕು ನೆರೆಗಳಿವೆ ಎಂದು ಪಟ್ಟಿ ಹೇಳುತ್ತದೆ. ಕಣ್ಣಿಗೆ ಅಂಥದ್ದು ಒಂದೂ ಕಾಣುವುದಿಲ್ಲ. ಇನ್ನು ಮುಖ್ಯವಾದ ಪ್ರಶ್ನೆ: ಆರಂಭದ ಹಂತದಲ್ಲಿ ಐದರಲ್ಲಿ ಒಂದು ಕೋಶ ಮಯೋಸಿನ್ ತೋರಿಸುತ್ತದೆ, ಅವುಗಳಲ್ಲಿ ಸುಮಾರು ಮೂರನೇ ಒಂದು ಭಾಗ ಬೇರೆ ರೋಮಕೋಶವನ್ನು ತಾಗದೆ ಒಂಟಿಯಾಗಿ ನಿಂತಿವೆ. ಡೆಲ್ಟಾ–ನಾಚ್ ಎಂಬ ಪ್ರೋಟೀನ್ ಜೋಡಿಯ ಮೂಲಕ ನೆರೆಯ ಕೋಶವೂ ರೋಮಕೋಶವಾಗದಂತೆ ತಡೆಯುವ ಪ್ರಕ್ರಿಯೆ ಆಗಲೇ ಶುರುವಾಗಿದೆ ಎನ್ನಲು ಇಷ್ಟು ಸಾಕೇ?

ವಾಟರ್‌ಶೆಡ್

ಸಾಲದು. ಕಾರಣವನ್ನು ಬೇರೆಯವರು ನನಗಿಂತ ಚೆನ್ನಾಗಿ ಹೇಳುತ್ತಾರೆ. ನಾನು ಚಿತ್ರದಿಂದಲೇ ಶುರುಮಾಡುತ್ತೇನೆ, ಏಕೆಂದರೆ ಎಲ್ಲರೂ ಅದನ್ನು ಹಾರಿಸಿ ಅಂಕಿಅಂಶಕ್ಕೆ ಹೋಗುತ್ತಾರೆ.

ಪದರಗಳನ್ನು ಗರಿಷ್ಠ ಹೊಳಪಿನ ಒಂದೇ ಚಿತ್ರವಾಗಿ, ಅಂದರೆ ಪ್ರಕ್ಷೇಪವಾಗಿ, ಮಾಡಿದೆ ಎಂದಿರಿ. ನಿಮ್ಮ ಅಂಗಾಂಶ ಚಪ್ಪಟೆಯಾಗಿಲ್ಲ, ಬಾಗಿದೆ. ಬಾಗಿದ ಮೇಲ್ಮೈಯನ್ನು ಮೇಲಿನಿಂದ ಒತ್ತಿ ಚಪ್ಪಟೆ ಮಾಡಿದಾಗ ಇಳಿಜಾರಿನಲ್ಲಿರುವ ಕೋಶಗಳು ಕುಗ್ಗಿದಂತೆ ಕಾಣುತ್ತವೆ. 30 ಡಿಗ್ರಿ ಓರೆಯಿದ್ದರೆ ವಿಸ್ತೀರ್ಣದಲ್ಲಿ ಶೇ 13ರಷ್ಟು ಕಡಿತ, 60 ಡಿಗ್ರಿ ಇದ್ದರೆ ಅರ್ಧಕ್ಕರ್ಧ ಮಾಯ. ಅದೂ ಒಂದೇ ದಿಕ್ಕಿನಲ್ಲಿ ಕುಗ್ಗುವುದರಿಂದ ಕೋಶಗಳು ಉದ್ದವಾಗಿ ಎಳೆದಂತೆ ಕಾಣಿಸುತ್ತವೆ. ಆಮೇಲೆ ಯಾರೋ ಬಂದು ಅಂಗಾಂಶದ ಅಂಚಿನಲ್ಲಿ ಕೋಶಗಳು ಸಣ್ಣವು, ನೀಳವಾದವು ಎಂದು ಪ್ರಬಂಧ ಬರೆಯುತ್ತಾರೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಗರಿಷ್ಠ ಹೊಳಪನ್ನು ಆರಿಸುವಾಗ ಆಳದ ಪದರದಲ್ಲಿರುವ ಯಾವುದೋ ಪ್ರಕಾಶಮಾನ ಗೆರೆಯೂ ಮೇಲ್ಮೈಯ ಗೆರೆಯ ಜೊತೆ ಸೇರಿಕೊಳ್ಳುತ್ತದೆ. ಸಾಫ್ಟ್‌ವೇರ್ ಅದನ್ನು ಕೋಶದ ಅಂಚೆಂದೇ ತಿಳಿಯುತ್ತದೆ. ಮೊದಲು ಮೇಲ್ಮೈ ಎಲ್ಲಿದೆ ಎಂದು ಗುರುತಿಸಿ, ಆ ಮೇಲ್ಮೈಯಿಂದ ಒಂದೆರಡು ಮೈಕ್ರೋಮೀಟರ್ ದಪ್ಪದ ಹಾಳೆಯನ್ನಷ್ಟೇ ತೆಗೆದು ಪ್ರಕ್ಷೇಪಿಸಿ. ವಿಸ್ತೀರ್ಣವನ್ನು ಓರೆಗೆ ತಕ್ಕಂತೆ ಸರಿಪಡಿಸಿ.

ಎಲೆಚರ್ಮ

ವಾಟರ್‌ಶೆಡ್ ಅವರ ಮಾತಿಗೆ ನನ್ನದೂ ಒಂದು ಸೇರ್ಪಡೆ. ನಾನು ಸಸ್ಯಗಳ ಕಡೆಯವಳು. ಬಾಗಿದ ಮೇಲ್ಮೈಯ ಕಾಟ ನಮಗೆ ದಿನನಿತ್ಯದ್ದು; ಬೆಳೆಯುವ ತುದಿಯಂತೂ ಗುಮ್ಮಟವೇ. ಅದಕ್ಕಾಗಿಯೇ ನಮ್ಮಲ್ಲಿ ಮಾರ್ಫೋಗ್ರಾಫ್‌ಎಕ್ಸ್ ಎಂಬ ಸಾಫ್ಟ್‌ವೇರ್ ಬಳಕೆಯಲ್ಲಿದೆ. ಅದು ಮೂರು ಆಯಾಮದ ಚಿತ್ರದಿಂದ ಮೇಲ್ಮೈಯನ್ನು ತ್ರಿಕೋನಗಳ ಬಲೆಯಾಗಿ ಕಟ್ಟಿ, ಬಣ್ಣದ ಹೊಳಪನ್ನು ಆ ಬಲೆಯ ಮೇಲೆಯೇ ಬಿಡಿಸುತ್ತದೆ. ಕೋಶಗಳನ್ನು ಬೇರ್ಪಡಿಸುವುದೂ ಅಳೆಯುವುದೂ ಅಲ್ಲೇ ಆಗುವುದರಿಂದ ಓರೆಯ ತಕರಾರು ಬರುವುದಿಲ್ಲ. ಪ್ರಾಣಿ ಅಂಗಾಂಶಕ್ಕೂ ಅಡ್ಡಿಯಿಲ್ಲ.

ಉಪಕರಣಕ್ಕೂ ಕೋಶಕ್ಕೂ ಜೋಡಿ ಹೊಂದಬೇಕು. ಸ್ಟಾರ್‌ಡಿಸ್ಟ್ ಎಂಬ ಸಾಫ್ಟ್‌ವೇರ್ ಕೋಶಕೇಂದ್ರಗಳನ್ನು ಬೇರ್ಪಡಿಸುವುದರಲ್ಲಿ ಗಟ್ಟಿಗ. ಆದರೆ ಒಳಗಿನ ಒಂದು ಬಿಂದುವಿನಿಂದ ಅಂಚಿನ ಪ್ರತಿಯೊಂದು ಬಿಂದುವಿಗೂ ನೇರ ಗೆರೆ ಎಳೆಯಲು ಸಾಧ್ಯವಾಗುವ ಆಕಾರಗಳನ್ನಷ್ಟೇ ಅದು ಬಲ್ಲದು. ಎಲೆಯ ಹೊರಪದರದ ಅಂಕುಡೊಂಕು ಕೋಶಗಳನ್ನು ಕೊಟ್ಟರೆ ಮೈಕೈ ಕತ್ತರಿಸಿ ಹಾಕುತ್ತದೆ.

ಜಾಲಗಣಿತ

5.97 ಬಂದಿದ್ದರಿಂದ ವಿಂಗಡಣೆ ಸರಿಯಾಗಿದೆ ಎನ್ನುವ ವಾದವನ್ನು ಇಂದೇ ಕೈಬಿಡಿ. ಕಾಗದ ತೆಗೆದುಕೊಂಡು ಜೇನುಗೂಡಿನ ಹಾಗೆ ಷಡ್ಭುಜಗಳನ್ನು ಬಿಡಿಸಿ. ನಾನು ಹೇಳುವುದು ಅಲ್ಲೇ ಕಾಣುತ್ತದೆ.

ಅಕ್ಕಪಕ್ಕದ ಎರಡು ಷಡ್ಭುಜಗಳ ನಡುವಿನ ಗೆರೆ ಮಸುಕಾಗಿತ್ತು, ಸಾಫ್ಟ್‌ವೇರ್ ಅದನ್ನು ಗಮನಿಸಲಿಲ್ಲ ಎಂದುಕೊಳ್ಳಿ. ಎರಡೂ ಸೇರಿ ಒಂದೇ ಕೋಶವಾಯಿತು. ಅದಕ್ಕೆ ಈಗ ಎಂಟು ನೆರೆಗಳು. ಅಳಿದ ಗೆರೆಯ ಎರಡು ತುದಿಗಳಲ್ಲಿದ್ದ ಕೋಶಗಳು ತಲಾ ಒಂದು ನೆರೆಯನ್ನು ಕಳೆದುಕೊಂಡು ಪಂಚಭುಜಗಳಾದವು. ಒಂದು ಗೆರೆ ತಪ್ಪಿದ್ದಕ್ಕೆ ನಾಲ್ಕು ಷಡ್ಭುಜಗಳು ಹೋಗಿ ಒಂದು ಅಷ್ಟಭುಜ, ಎರಡು ಪಂಚಭುಜ ಬಂದವು. ಸರಾಸರಿ ತೆಗೆಯಿರಿ: ಎಂಟು, ಐದು, ಐದು ಸೇರಿ ಹದಿನೆಂಟು, ಮೂರರಿಂದ ಭಾಗಿಸಿದರೆ ಆರು.

ಈಗ ತಿರುಗುಮುರುಗು. ಒಂದು ಷಡ್ಭುಜದ ಮಧ್ಯೆ ಇಲ್ಲದ ಗೆರೆಯನ್ನು ಸಾಫ್ಟ್‌ವೇರ್ ಎಳೆಯಿತು. ಅದು ಎದುರುಬದುರು ಬದಿಗಳನ್ನು ಮುಟ್ಟಿದರೆ ಎರಡು ಪಂಚಭುಜಗಳು ಹುಟ್ಟುತ್ತವೆ, ಗೆರೆಯ ತುದಿ ಮುಟ್ಟಿದ ಎರಡು ನೆರೆಕೋಶಗಳು ಸಪ್ತಭುಜಗಳಾಗುತ್ತವೆ. ಐದು, ಐದು, ಏಳು, ಏಳು: ಮೊತ್ತ ಇಪ್ಪತ್ತನಾಲ್ಕು, ಸರಾಸರಿ ಮತ್ತೆ ಆರು.

ಅಂದರೆ ಸಾವಿರ ತಪ್ಪು ಮಾಡಿದರೂ ಸರಾಸರಿ ಕದಲುವುದಿಲ್ಲ. ಮೂರು ಮೂರು ಗೆರೆಗಳು ಕೂಡುವ ಯಾವ ಸಮತಲ ಜಾಲದಲ್ಲಾದರೂ ಮೂಲೆ, ಗೆರೆ, ಕೋಶಗಳ ಸಂಖ್ಯೆಗಳನ್ನು ಬೆಸೆಯುವ ಆಯ್ಲರ್ ಸೂತ್ರದಿಂದ ಆರೇ ಬರುತ್ತದೆ. ಅದು ಜಾಲದ ಗುಣ, ನಿಮ್ಮ ಸಾಫ್ಟ್‌ವೇರ್‌ನ ಗುಣವಲ್ಲ. ಎರಡನೆಯ ಬಗೆಯ ತಪ್ಪು ಎಷ್ಟು ಕಪಟಿ ಎಂದರೆ, ನಿಜವಾದ ಕೋಶವಿಭಜನೆಯೂ ಜಾಲದಲ್ಲಿ ಅದೇ ಗುರುತನ್ನು ಬಿಡುತ್ತದೆ: ಮರಿಕೋಶಗಳಿಗೆ ಬದಿಗಳು ಕಡಿಮೆ, ಪಕ್ಕದ ಎರಡು ಕೋಶಗಳಿಗೆ ಒಂದೊಂದು ಹೆಚ್ಚು. ಹಣ್ಣುನೊಣದ ರೆಕ್ಕೆಯ ಎಳೆ ಅಂಗಾಂಶದಲ್ಲಿ ಷಡ್ಭುಜಗಳ ಪಾಲು ಸುಮಾರು ಶೇ 45 ಏಕೆ ಎಂಬುದನ್ನು 2006ರಲ್ಲಿ ಕೇವಲ ವಿಭಜನೆಯ ಲೆಕ್ಕಾಚಾರದಿಂದ ವಿವರಿಸಿದ್ದರು. ನಿಮ್ಮ ಐದು–ಏಳುಗಳ ಹೆಚ್ಚಳ ಕೋಶವಿಭಜನೆಯಿಂದ ಬಂದಿರಬಹುದು, ಸುಳ್ಳು ಗೆರೆಗಳಿಂದಲೂ ಬಂದಿರಬಹುದು. ಸಂಖ್ಯೆಯೊಂದನ್ನೇ ನೋಡಿ ಯಾವುದೆಂದು ಹೇಳಲಾಗದು.

ಒಳಕಿವಿ

ಬಿಡಿಸಿ ನೋಡಿದೆ. ತಲೆ ತಿರುಗಿತು. ಹಾಗಾದರೆ ನಿಜವಾದ ಪರೀಕ್ಷೆ ಯಾವುದು?

ವಾಟರ್‌ಶೆಡ್

ಕಣ್ಣು ಮತ್ತು ಕೈ. ಪ್ರತಿ ಹಂತದಿಂದಲೂ ಚಿತ್ರದ ಒಂದೊಂದು ತುಂಡನ್ನು ಯಾದೃಚ್ಛಿಕವಾಗಿ ಆರಿಸಿ, ಸಾಫ್ಟ್‌ವೇರ್ ಏನು ಮಾಡಿದೆ ಎಂದು ನೋಡದೆ ಅಂಚುಗಳನ್ನು ಕೈಯಿಂದ ಬಿಡಿಸಿ. ಸಾಧ್ಯವಾದರೆ ಭ್ರೂಣದ ವಯಸ್ಸು ಗೊತ್ತಿಲ್ಲದ ಇನ್ನೊಬ್ಬರಿಂದ ಬಿಡಿಸಿ. ಆಮೇಲೆ ಎರಡನ್ನೂ ಹೋಲಿಸಿ. ಪಿಕ್ಸೆಲ್‌ಗಳು ಎಷ್ಟು ಒಂದರ ಮೇಲೊಂದು ಕೂತವು ಎಂದು ನೋಡಬೇಡಿ. ಎಷ್ಟು ಗೆರೆ ಬಿಟ್ಟುಹೋಗಿವೆ, ಎಷ್ಟು ಹೆಚ್ಚಾಗಿವೆ ಎಂದು ಎಣಿಸಿ. ಪಿಕ್ಸೆಲ್ ಲೆಕ್ಕದಲ್ಲಿ ಶೇ 95 ಹೊಂದಿಕೆ ಬಂದರೂ ನೆರೆಗಳ ಲೆಕ್ಕ ಕೆಟ್ಟಿರಬಹುದು ಎಂಬುದು ಈಗ ನಿಮಗೆ ಗೊತ್ತು.

ತಪ್ಪುಗಳು ಎಲ್ಲ ಹಂತಗಳಲ್ಲೂ ಒಂದೇ ಪ್ರಮಾಣದಲ್ಲಿದ್ದರೆ ಹೇಗೋ ನಿಭಾಯಿಸಬಹುದು. ಎಳೆಯ ಭ್ರೂಣದಲ್ಲಿ ಅಂಚು ಮಸುಕು, ಬಲಿತದ್ದರಲ್ಲಿ ಸ್ಪಷ್ಟ ಎಂದಾದರೆ ನೀವು ಅಳೆಯುತ್ತಿರುವುದು ಬಣ್ಣದ ಗುಣವನ್ನು, ಬೆಳವಣಿಗೆಯನ್ನಲ್ಲ.

ಸೆಲ್‌ಪೋಸ್ ಬಗ್ಗೆ ಎರಡು ಮಾತು. ಕೋಶದ ವ್ಯಾಸವನ್ನು ಎಷ್ಟು ಪಿಕ್ಸೆಲ್ ಎಂದು ಕೊಟ್ಟಿದ್ದೀರೋ ಅದರ ಮೇಲೆ ಫಲಿತಾಂಶ ನಿಂತಿದೆ. ರೋಮಕೋಶಗಳ ಮುಖ ಬೆಳೆಯುತ್ತಾ ದೊಡ್ಡದಾಗುತ್ತದೆ, ಆಧಾರಕೋಶಗಳದ್ದು ಕಿರಿದಾಗಿ ಅವುಗಳ ನಡುವೆ ನುಸುಳಿಕೊಂಡಿರುತ್ತದೆ. ಒಂದೇ ವ್ಯಾಸ ಎರಡಕ್ಕೂ ಹೊಂದಲಾರದು. 2022ರಲ್ಲಿ ಬಂದ ಎರಡನೆಯ ಆವೃತ್ತಿಯಿಂದ ನಿಮ್ಮದೇ ಚಿತ್ರಗಳನ್ನು ತಿದ್ದಿ ತಿದ್ದಿ ಸಾಫ್ಟ್‌ವೇರ್‌ನ ಮಾದರಿಗೆ ಕಲಿಸುವ ಅನುಕೂಲವಿದೆ, ಬಳಸಿ. ಕಲಿಸಲು ಬಳಸಿದ ತುಂಡುಗಳನ್ನೇ ಪರೀಕ್ಷೆಗೆ ಬಳಸಬೇಡಿ. ಇದನ್ನು ಹೇಳಬೇಕಾಗಿ ಬರುವುದೇ ಬೇಸರ, ಆದರೂ ಹೇಳಬೇಕಾಗುತ್ತದೆ.

ನೊಣರೆಕ್ಕೆ

ಒಂದು ವಿಷಯ ಯಾರೂ ಎತ್ತಲಿಲ್ಲ. ಸೆಲ್‌ಪೋಸ್ ಕೊಡುವ ಕೋಶದ ತುಂಡುಗಳು ಒಂದಕ್ಕೊಂದು ಅಂಟಿಕೊಂಡಿರಲೇಬೇಕೆಂದಿಲ್ಲ. ನಡುವೆ ಒಂದೆರಡು ಪಿಕ್ಸೆಲ್ ಖಾಲಿ ಜಾಗ ಉಳಿಯುತ್ತದೆ. ನೆರೆಗಳನ್ನು ಎಣಿಸುವ ಮೊದಲು ಎಲ್ಲರೂ ತುಂಡುಗಳನ್ನು ಸ್ವಲ್ಪ ಹಿಗ್ಗಿಸುತ್ತಾರೆ. ಹಿಗ್ಗಿಸಿದಾಗ, ಮೂಲೆಯಲ್ಲಿ ಎದುರುಬದುರಾಗಿದ್ದು ತಾಗದೇ ಇದ್ದ ಕೋಶಗಳು ತಾಗಿಬಿಡುತ್ತವೆ. ನೀವು ಎಷ್ಟು ಹಿಗ್ಗಿಸಿದ್ದೀರಿ?

ನನ್ನ ಅಭ್ಯಾಸ ಹೇಳುತ್ತೇನೆ. ಟಿಶ್ಯೂ ಅನಲೈಸರ್ ಎಂಬ ಸಾಫ್ಟ್‌ವೇರ್‌ನಲ್ಲಿ, ಚಿತ್ರದ ಹೊಳಪನ್ನು ಏರುತಗ್ಗಿನ ನೆಲದಂತೆ ಕಂಡು ದಿಬ್ಬಗಳ ಮೇಲೆ ಗೆರೆ ಎಳೆಯುವ ವಾಟರ್‌ಶೆಡ್ ವಿಧಾನದಿಂದ ಒಂದು ಪಿಕ್ಸೆಲ್ ದಪ್ಪದ ಗೆರೆಗಳ ಪೂರ್ಣ ಜಾಲ ಪಡೆದು, ಕೈಯಿಂದ ತಿದ್ದಿ, ನಂತರವೇ ಎಣಿಸುತ್ತೇನೆ. ಬಹಳ ಗಿಡ್ಡ ಗೆರೆಗಳಿದ್ದಲ್ಲಿ, ಅಂದರೆ ಮೂರು ನಾಲ್ಕು ಪಿಕ್ಸೆಲ್‌ಗಿಂತ ಕಡಿಮೆ ಉದ್ದವಿದ್ದಲ್ಲಿ, ಆ ಎರಡು ಕೋಶಗಳು ನೆರೆಗಳೋ ಅಲ್ಲವೋ ಎಂದು ಚಿತ್ರವೇ ಹೇಳಲಾರದು. ಅಲ್ಲಿ ನಾಲ್ಕು ಕೋಶಗಳು ಒಂದೇ ಬಿಂದುವಿನಲ್ಲಿ ಕೂಡಿವೆ ಎಂದು ದಾಖಲಿಸುವುದೇ ಪ್ರಾಮಾಣಿಕ. ಕೋಶಗಳು ನೆರೆ ಬದಲಿಸುವಾಗ ಒಂದು ಗೆರೆ ಕುಗ್ಗಿ ಬಿಂದುವಾಗಿ ಅದಕ್ಕೆ ಅಡ್ಡಲಾಗಿ ಹೊಸ ಗೆರೆ ಬೆಳೆಯುತ್ತದಲ್ಲ, ಆ ನಡುಗಳಿಗೆಯ ಚಿತ್ರವೂ ಹೀಗೆಯೇ ಇರುತ್ತದೆ.

ಜೊತೆಗೆ ಕೋಶಗಳ ಆಕಾರ ಸೂಚ್ಯಂಕವನ್ನೂ ಅಳೆಯಿರಿ: ಸುತ್ತಳತೆಯನ್ನು ವಿಸ್ತೀರ್ಣದ ವರ್ಗಮೂಲದಿಂದ ಭಾಗಿಸಿದರಾಯಿತು. 3.81ರ ಮೇಲೆ ಹೋದರೆ ಅಂಗಾಂಶ ದ್ರವದಂತೆ ಹರಿಯಬಲ್ಲದು ಎನ್ನುವ 2015ರ ಸಿದ್ಧಾಂತ ನಿಮ್ಮ ಪ್ರಶ್ನೆಗೆ ಹತ್ತಿರದ್ದು.

ವಾಟರ್‌ಶೆಡ್

ಅಯ್ಯೋ, ಆ ಸೂಚ್ಯಂಕವೇ! ಸಮಷಡ್ಭುಜಕ್ಕೆ 3.72. ಅಲ್ಲಿಂದ 3.81ಕ್ಕೆ ಇರುವ ಅಂತರ ಎರಡೂವರೆ ಶೇಕಡಾದಷ್ಟೂ ಇಲ್ಲ. ಪಿಕ್ಸೆಲ್‌ಗಳ ಅಂಚು ಮೆಟ್ಟಿಲು ಮೆಟ್ಟಿಲಾಗಿರುತ್ತದೆ. ಮೆಟ್ಟಿಲುಗಳನ್ನೇ ಎಣಿಸಿ ಸುತ್ತಳತೆ ತೆಗೆದರೆ 45 ಡಿಗ್ರಿಯ ಗೆರೆ ಶೇ 41ರಷ್ಟು ಉದ್ದವಾಗಿಬಿಡುತ್ತದೆ. ಕರ್ಣದ ಲೆಕ್ಕ ಹಾಕುವ ವಿಧಾನಗಳಲ್ಲೂ ಕೆಲವು ಶೇಕಡಾ ತಪ್ಪು ಉಳಿಯುತ್ತದೆ. ಗಟ್ಟಿಯಾಗಿ ಕೂತಿರುವ ಅಂಗಾಂಶವನ್ನು ಹರಿಯುವಂತೆ ಮಾಡಲು ಸಾಫ್ಟ್‌ವೇರ್‌ನ ಒಂದು ಆಯ್ಕೆ ಸಾಕು. ಅಳೆಯುವುದೇ ಆದರೆ ಮೂಲೆಯಿಂದ ಮೂಲೆಗೆ ನೇರ ಗೆರೆ ಎಳೆದ ಬಹುಭುಜದ ಸುತ್ತಳತೆ ತೆಗೆಯಿರಿ, ಯಾವ ವಿಧಾನ ಎಂದು ಬರೆಯಿರಿ.

ನೊಣರೆಕ್ಕೆ

ಬಹುಭುಜದ ಮಾತು ಒಪ್ಪಿದೆ. ಆದರೆ ಅಂಚುಗಳು ನಿಜವಾಗಿಯೇ ವಕ್ರವಾಗಿದ್ದರೆ ಆ ವಿಧಾನ ಸುತ್ತಳತೆಯನ್ನು ಕಡಿಮೆ ತೋರಿಸುತ್ತದೆ. ಒಂದನ್ನು ಆರಿಸಿ ಎಲ್ಲ ಹಂತಗಳಿಗೂ ಅದನ್ನೇ ಬಳಸುವುದು ಸೂಕ್ತ. 3.81 ಎಂಬ ಸಂಖ್ಯೆಗೆ ಜೋತುಬೀಳದೆ ಹಂತದಿಂದ ಹಂತಕ್ಕೆ ಏರಿಳಿತ ಹೇಗಿದೆ ಎಂದು ನೋಡಿದರೆ ಜಗಳವೇ ಇಲ್ಲ.

ಮೂಕಪ್ರೇಕ್ಷಕ

ಇಲ್ಲಿ ಓದುವುದೇ ಹೆಚ್ಚು, ಬರೆಯುವುದು ಕಡಿಮೆ. ಹದಿನಾಲ್ಕು ನೆರೆಗಳ ಬಗ್ಗೆ ಒಂದು ಅನುಮಾನ. ಆ ದೊಡ್ಡ ಚಿತ್ರದಲ್ಲಿ 255ಕ್ಕಿಂತ ಹೆಚ್ಚು ಕೋಶಗಳಿವೆಯೇ? ಪ್ರತಿ ಕೋಶಕ್ಕೂ ಒಂದೊಂದು ಸಂಖ್ಯೆ ತುಂಬಿದ ಸಂಖ್ಯಾಚಿತ್ರವನ್ನು 8 ಬಿಟ್ ಕಡತವಾಗಿ ಉಳಿಸಲಾಗಿದೆಯೇ? 8 ಬಿಟ್‌ನಲ್ಲಿ 0ಯಿಂದ 255ರವರೆಗಿನ ಸಂಖ್ಯೆಗಳಿಗಷ್ಟೇ ಜಾಗ. ಪೈಥಾನ್‌ನಲ್ಲಿ ನೇರವಾಗಿ ಪರಿವರ್ತಿಸಿದರೆ 300ನೇ ಕೋಶ 44 ಆಗಿಬಿಡುತ್ತದೆ. ಚಿತ್ರದ ಒಂದು ಮೂಲೆಯ 44ನೇ ಕೋಶ, ಇನ್ನೊಂದು ಮೂಲೆಯ 300ನೇ ಕೋಶ ಎರಡೂ ಒಂದೇ ಹೆಸರಿನಲ್ಲಿ ಎಣಿಕೆಯಾಗುತ್ತವೆ. ಏಳು ಏಳು ಸೇರಿ ಹದಿನಾಲ್ಕು. 256ನೆಯದಂತೂ ಸೊನ್ನೆಯಾಗಿ ಹಿನ್ನೆಲೆಯಲ್ಲಿ ಕರಗಿಹೋಗುತ್ತದೆ. ಹಾಗಿದ್ದರೆ ಆ ಒಂದು ಚಿತ್ರದ ಸರಾಸರಿ ಆರಕ್ಕಿಂತ ಸಾಕಷ್ಟು ಮೇಲಿರಬೇಕು. 16 ಬಿಟ್ ಟಿಫ್ ಚಿತ್ರಕಡತವಾಗಿ ಉಳಿಸಿ ನೋಡಿ.

ಒಳಕಿವಿ

ಆ ಚಿತ್ರದ ಸರಾಸರಿ ಏಳಕ್ಕಿಂತ ಮೇಲಿತ್ತು, 5.97 ಉಳಿದ ಚಿತ್ರಗಳದ್ದು. 16 ಬಿಟ್‌ಗೆ ಬದಲಿಸಿದ ಮೇಲೆ ಹದಿನಾಲ್ಕುಗಳು ಒಂದೂ ಇಲ್ಲ. ಮೂಕಪ್ರೇಕ್ಷಕರೇ, ಇನ್ನು ಮೇಲೆ ದಯವಿಟ್ಟು ಮೂಕರಾಗಿರಬೇಡಿ.

ಜಾಲಗಣಿತ

ಸರಾಸರಿಯಿಂದ ಸಿಗುವ ಉಪಯೋಗ ಇದೊಂದೇ ನೋಡಿ: ಆರರಿಂದ ದೂರ ಹೋದರೆ ಲೆಕ್ಕದಲ್ಲೇ ಏನೋ ಮುರಿದಿದೆ ಎಂದು ತಿಳಿಯುತ್ತದೆ, ಆರರ ಬಳಿ ಇದ್ದರೆ ಏನೂ ತಿಳಿಯುವುದಿಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಐದರಲ್ಲಿ ಒಂದು ಕೋಶ ರೋಮಕೋಶ ಎಂದಿರಿ. ಯಾವ ತಡೆಯೂ ಇಲ್ಲ, ಪ್ರತಿ ಕೋಶವೂ ನೆರೆಯನ್ನು ಕೇಳದೆ ಚೀಟಿ ಎತ್ತಿದಂತೆ ತನ್ನ ಪಾತ್ರವನ್ನು ಆರಿಸಿಕೊಂಡಿದೆ ಎಂದಿಟ್ಟುಕೊಳ್ಳೋಣ. ಒಂದು ರೋಮಕೋಶದ ಆರೂ ನೆರೆಗಳು ರೋಮಕೋಶಗಳಲ್ಲದೇ ಇರುವ ಸಂಭವ 0.8ರ ಆರನೇ ಘಾತ, ಅಂದರೆ 0.26. ಬರೀ ಅದೃಷ್ಟದಿಂದಲೇ ನಾಲ್ಕನೇ ಒಂದು ಭಾಗ ಒಂಟಿಯಾಗಿರುತ್ತವೆ. ನಿಮ್ಮದು ಮೂರನೇ ಒಂದು ಭಾಗ. ವ್ಯತ್ಯಾಸ ಇರಬಹುದು, ಆದರೆ ನೀವು ಅಂದುಕೊಂಡಷ್ಟು ದೊಡ್ಡದಲ್ಲ. ರೋಮಕೋಶಗಳು ಹತ್ತರಲ್ಲಿ ಒಂದೇ ಇದ್ದಿದ್ದರೆ ಅರ್ಧಕ್ಕಿಂತ ಹೆಚ್ಚು, ಶೇ 53, ತಾವಾಗಿಯೇ ಒಂಟಿಯಾಗಿರುತ್ತಿದ್ದವು. ವಿರಳವಾದದ್ದೆಲ್ಲ ಅಂತರ ಕಾಯ್ದುಕೊಂಡಂತೆ ಕಾಣುತ್ತದೆ. ಕಣ್ಣು ಅದನ್ನು ವಿನ್ಯಾಸ ಎಂದು ನಂಬಿಬಿಡುತ್ತದೆ.

ಸಾಮಾನ್ಯವಾಗಿ ಜನ ಕೋಶಗಳ ನಡುಬಿಂದುಗಳನ್ನು ತೆಗೆದುಕೊಂಡು, ಸಮತಲದಲ್ಲಿ ಎಲ್ಲೆಂದರಲ್ಲಿ ಚೆಲ್ಲಿದ ಬಿಂದುಗಳಿಗೆ ಹೋಲಿಸುತ್ತಾರೆ. ಅದು ನ್ಯಾಯವಲ್ಲ. ಕೋಶಕ್ಕೆ ಗಾತ್ರವಿದೆ, ಎರಡು ನಡುಬಿಂದುಗಳು ಒಂದರ ಮೇಲೊಂದು ಕೂರಲು ಸಾಧ್ಯವೇ ಇಲ್ಲ. ಹೀಗೆ ಹೋಲಿಸಿದರೆ ಯಾವ ಅಂಗಾಂಶವೂ ಕ್ರಮಬದ್ಧ ಎಂದೇ ಬರುತ್ತದೆ. ಅದರ ಬದಲು ನಿಮ್ಮ ಕೋಶಜಾಲವನ್ನು ಹಾಗೆಯೇ ಇಟ್ಟು, ರೋಮಕೋಶ ಎಂಬ ಹಣೆಪಟ್ಟಿಗಳನ್ನು ಮಾತ್ರ ಕೋಶಗಳ ನಡುವೆ ಕಲಸಿ ಮತ್ತೆ ಹಂಚಿ. ಸಾವಿರ ಬಾರಿ ಹಂಚಿ, ಪ್ರತಿ ಬಾರಿಯೂ ಒಂಟಿಗಳನ್ನು ಎಣಿಸಿ. ನಿಜವಾದ ಎಣಿಕೆ ಆ ಸಾವಿರದ ಗುಂಪಿನಿಂದ ಹೊರಗೆ ಬಿದ್ದರೆ ಮಾತನಾಡೋಣ.

ಇಲ್ಲೊಂದು ಸೂಕ್ಷ್ಮವಿದೆ. ದೊಡ್ಡ ಮುಖದ ಕೋಶಗಳಿಗೆ ನೆರೆಗಳು ಹೆಚ್ಚು. ಲೂಯಿಸ್ ಎಂಬ ವಿಜ್ಞಾನಿ 1928ರಲ್ಲೇ ಸೌತೆಕಾಯಿಯ ಹೊರಪದರದಲ್ಲಿ ಇದನ್ನು ತೋರಿಸಿದ್ದ. ನೆರೆಗಳು ಏಳಾದರೆ ಒಂಟಿಯಾಗಿರುವ ಸಂಭವ 0.21ಕ್ಕೆ ಇಳಿಯುತ್ತದೆ, ಐದಾದರೆ 0.33ಕ್ಕೆ ಏರುತ್ತದೆ. ನಿಮ್ಮ ರೋಮಕೋಶಗಳು ದೊಡ್ಡವಾಗಿದ್ದರೆ ಹಣೆಪಟ್ಟಿಯನ್ನು ಅಷ್ಟೇ ನೆರೆಗಳಿರುವ ಕೋಶಗಳ ನಡುವೆ ಮಾತ್ರ ಅದಲುಬದಲು ಮಾಡಿ.

ಎಲೆಚರ್ಮ

ಪತ್ರರಂಧ್ರಗಳಿಗೆ ನಾವು ಮಾಡುವುದೂ ಇದನ್ನೇ. ಎರಡು ಪತ್ರರಂಧ್ರಗಳ ನಡುವೆ ಕನಿಷ್ಠ ಒಂದು ಕೋಶ ಇರಬೇಕು ಎಂಬ ನಿಯಮ ಸಸ್ಯಗಳಲ್ಲಿ ಹೆಸರುವಾಸಿ. ಪ್ರಯೋಗಗಳಲ್ಲಿ ಬಳಸುವ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ಟೂ ಮೆನಿ ಮೌತ್ಸ್ ಎಂಬ ಜೀನ್ ಕೆಟ್ಟರೆ ಅವು ಗುಂಪುಗುಂಪಾಗಿ ಹುಟ್ಟುತ್ತವೆ. ಅಷ್ಟು ಕಟ್ಟುನಿಟ್ಟಾದ ನಿಯಮವಿದ್ದಲ್ಲೂ ಹಣೆಪಟ್ಟಿ ಕಲಸದೆ ನಾವು ಬಾಯಿ ಬಿಡುವುದಿಲ್ಲ.

ಚಿತ್ರದ ಅಂಚಿನ ಕೋಶಗಳನ್ನು ಮರೆಯಬೇಡಿ. ಅವುಗಳ ಎಲ್ಲ ನೆರೆಗಳು ಚೌಕಟ್ಟಿನೊಳಗೆ ಇಲ್ಲ, ಆದ್ದರಿಂದ ಸುಳ್ಳು ಒಂಟಿಗಳು ಹೆಚ್ಚುತ್ತವೆ. ಎಣಿಕೆಯಿಂದ ಅವುಗಳನ್ನು ಬಿಡಿ, ಆದರೆ ಒಳಗಿನ ಕೋಶಗಳ ನೆರೆಗಳಾಗಿ ಇಟ್ಟುಕೊಳ್ಳಿ. ಇನ್ನೊಂದು, ದೊಡ್ಡ ಕೋಶಗಳು ಚೌಕಟ್ಟನ್ನು ತಾಗುವ ಸಂಭವ ಹೆಚ್ಚು. ಅಂಚನ್ನು ಬಿಟ್ಟಾಗ ಸರಾಸರಿ ಗಾತ್ರ ಕೊಂಚ ಇಳಿಯುತ್ತದೆ.

ನೊಣರೆಕ್ಕೆ

ಸಾವಿರಾರು ಕೋಶಗಳಿವೆ ಎಂದು ಮಾದರಿಯ ಗಾತ್ರ ಸಾವಿರ ಎಂದು ಬರೆಯಬೇಡಿ. ಒಂದೇ ಭ್ರೂಣದ ಕೋಶಗಳು ಒಂದೇ ಮನೆಯವು. ನಿಮ್ಮ ಸಂಖ್ಯೆ ಎಂದರೆ ಭ್ರೂಣಗಳ ಸಂಖ್ಯೆ.

ರೋಮಕೋಶಗಳ ದಿಕ್ಕನ್ನೂ ಅಳೆಯುವ ಮನಸ್ಸಿದ್ದರೆ ಎಚ್ಚರ: ಕೋಶದ ಉದ್ದನೆಯ ಅಕ್ಷಕ್ಕೆ ತಲೆ–ಬಾಲ ಇಲ್ಲ. ಒಂದು ಡಿಗ್ರಿ, 179 ಡಿಗ್ರಿ ಎರಡೂ ಹೆಚ್ಚುಕಡಿಮೆ ಒಂದೇ ದಿಕ್ಕು. ಸುಮ್ಮನೆ ಸರಾಸರಿ ತೆಗೆದರೆ 90 ಬಂದು ಎಲ್ಲ ಅಡ್ಡಲಾಗಿ ನಿಂತಿವೆ ಎನ್ನುತ್ತದೆ. ಕೋನವನ್ನು ಎರಡರಿಂದ ಗುಣಿಸಿ, ವೃತ್ತದ ಮೇಲೆ ಸರಾಸರಿ ತೆಗೆದು, ಮತ್ತೆ ಅರ್ಧ ಮಾಡಿ.

ಒಳಕಿವಿ

ಮೇಲ್ಮೈ ಹಾಳೆಯನ್ನು ಬೇರೆಯಾಗಿ ತೆಗೆದು, ಮಾದರಿಗೆ ಹೊಸದಾಗಿ ಕಲಿಸಿ, ಎಲ್ಲವನ್ನೂ ಮತ್ತೆ ಓಡಿಸಿದೆ. ಐದು–ಏಳುಗಳ ಹೆಚ್ಚಳ ಆರಂಭದ ಹಂತದಲ್ಲಿ ಬಹುಮಟ್ಟಿಗೆ ಇಳಿಯಿತು. ಆಳದಿಂದ ಬಂದ ಗೆರೆಗಳೇ ಅದಕ್ಕೆ ಕಾರಣವಾಗಿದ್ದವು. ಹಣೆಪಟ್ಟಿ ಕಲಸಿದಾಗ ಬಲಿತ ಹಂತದ ಎಲ್ಲ ಭ್ರೂಣಗಳೂ ಸಾವಿರದ ಗುಂಪಿನಿಂದ ಬಹಳ ದೂರ ಬೀಳುತ್ತವೆ. ಆರಂಭದ ಹಂತದಲ್ಲಿ ಹೆಚ್ಚಿನವು ಗುಂಪಿನ ಒಳಗೇ ಇವೆ, ಒಂದೆರಡು ಮಾತ್ರ ಹೊರಗಿವೆ. ಬೆಳವಣಿಗೆಯಲ್ಲಿ ಅವು ಉಳಿದವಕ್ಕಿಂತ ಸ್ವಲ್ಪ ಮುಂದಿವೆ ಎಂದು ಹೇಳಬಹುದೇ?

ಜಾಲಗಣಿತ

ಅದಕ್ಕೂ ಮೊದಲು ಮಯೋಸಿನ್‌ನ ಹೊಳಪು ಎಷ್ಟಿದ್ದರೆ ರೋಮಕೋಶ ಎಂದು ಒಪ್ಪಿದ್ದೀರಿ ಎಂಬುದನ್ನು ನೋಡಿ. ಆರಂಭದಲ್ಲಿ ಮಸುಕಾಗಿ ಹೊಳೆಯುವ ಕೋಶಗಳಿರುತ್ತವೆ. ಮಿತಿಯನ್ನು ಮೇಲಿಟ್ಟರೆ ಅವೆಲ್ಲ ಹೊರಗುಳಿದು, ಪ್ರಕಾಶಮಾನವಾದವು ಒಂಟಿಯಾಗಿ ನಿಂತಂತೆ ಕಾಣುತ್ತವೆ. ಆ ಒಂದೆರಡು ಭ್ರೂಣಗಳಲ್ಲಿ ಬಣ್ಣ ಸ್ವಲ್ಪ ಮಂದವಾಗಿ ಹಿಡಿದಿದ್ದರೂ ಇದೇ ಫಲ ಬರುತ್ತದೆ. ಮಿತಿಯನ್ನು ಕೆಳಗಿನಿಂದ ಮೇಲಿನವರೆಗೆ ಸರಿಸುತ್ತಾ, ಪ್ರತಿ ಮಿತಿಗೂ ಹಣೆಪಟ್ಟಿ ಕಲಸಿ, ನಿಜದ ಎಣಿಕೆ ಮತ್ತು ಕಲಸಿದ ಎಣಿಕೆಗಳ ನಡುವಿನ ಅಂತರವನ್ನು ನಕ್ಷೆಯಾಗಿ ಬಿಡಿಸಿ.

ವಾಟರ್‌ಶೆಡ್

ಆ ಭ್ರೂಣಗಳ ಮೂಲ ಪದರಗಳನ್ನೂ ಒಮ್ಮೆ ತೆರೆಯಿರಿ. ಮಯೋಸಿನ್ ಕೋಶದ ಒಡಲಲ್ಲೆಲ್ಲ ಹರಡಿರುತ್ತದೆ, ಆದರೆ ನೀವು ಜಾಲವನ್ನು ಎಳೆದಿರುವುದು ಮೇಲ್ಮುಖದಲ್ಲಿ. ಕೋಶಗಳು ವಾಲಿಕೊಂಡಿದ್ದರೆ ಕೆಳಗಿನ ಹೊಳಪು ಪಕ್ಕದ ಮುಖದ ಖಾತೆಗೆ ಜಮೆಯಾಗುತ್ತದೆ. ಅಂಚಿನ ಹಾಳೆಯಷ್ಟೇ ದಪ್ಪದಲ್ಲಿ ಮಯೋಸಿನ್ ಅಳೆಯಿರಿ.

ಒಳಕಿವಿ

ಮಯೋಸಿನ್‌ಗೆ ಈವರೆಗೆ ಪೂರ್ಣ ಆಳದ ಪ್ರಕ್ಷೇಪವನ್ನೇ ಬಳಸುತ್ತಿದ್ದೆ. ಎರಡೂ ಮಾಡಿ ನಕ್ಷೆಗಳನ್ನು ಹಾಕುತ್ತೇನೆ. ಮಿತಿಯ ನಕ್ಷೆಯಲ್ಲಿ ಭ್ರೂಣಕ್ಕೊಂದು ಗೆರೆ ಬಿಡಿಸಲೋ, ಹಂತಕ್ಕೊಂದೋ?

ಜಾಲಗಣಿತ

ಭ್ರೂಣಕ್ಕೊಂದು, ತೆಳುವಾಗಿ, ಹಂತಕ್ಕೆ ಒಂದೊಂದು ಬಣ್ಣ. ಸರಾಸರಿಯ ದಪ್ಪ ಗೆರೆ ಬೇಡ.